‘ಸಾಹೇಬ್ರ ಶಿಕ್ಷಾ ಮುಗೀತೇನ್ರಿ?’

(ಬ್ಯಾಂಕ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗಾಗಿ ಕಲಬುರಗಿಯಲ್ಲಿ ನಡೆದ ತರಬೇತಿಯಲ್ಲಿ ನಿವೃತ್ತ ಶಾಖಾ ವ್ಯವಸ್ಥಾಪಕರೊಬ್ಬರು ಆಡಿದ ಮಾತುಗಳ ಬರಹ ರೂಪ.)

ಈ ಸೀಮೆಗೆ ಬಂದ ಮೊದಲ ದಿನವೇ ನಾನು ಇಡೀ ಒಂದು ಶಾಖೆಗೆ ಅವಮಾನ ಮಾಡಿದೆ. ಮಾಡಿದ್ದೇನೆ ಅಂತ ಗೊತ್ತಾಗಲಿಕ್ಕೆ ನಾಲ್ಕು ವರ್ಷ ಹಿಡಿಯಿತು. ಅಲ್ಲಿಂದಲೇ ಶುರು ಮಾಡ್ತೀನಿ.

1999ರ ಜೂನ್. ಆಗ ಕಲಬುರಗಿಗೆ ಕಾಗದಪತ್ರದಲ್ಲಿ ಗುಲ್ಬರ್ಗ ಅಂತಲೇ ಹೆಸರು. ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ನಾನು ಹಾಸನ ಜಿಲ್ಲೆಯವನು. ಬೆಂಗಳೂರಲ್ಲಿ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ವಾಡಿ ಜಂಕ್ಷನ್‌ನಲ್ಲಿ ಇಳಿದೆ. ಬೆಳಿಗ್ಗೆಯೇ ಸೆಕೆ. ಸಿಮೆಂಟಿನ ಬೂದು ಧೂಳು. ಚಿತ್ತಾಪುರದ ಕಡೆ ಒಂದು ಸಣ್ಣ ಶಾಖೆ. ಮೊದಲ ಬಾರಿಗೆ ಮ್ಯಾನೇಜರ್ ಕುರ್ಚಿ. ಮಧ್ಯಾಹ್ನ ಶಾಖೆಯ ಫೋನಿಂದ ಮನೆಗೆ ಮಾತಾಡಿದೆ. ‘ಏನ್ ಮಾಡೋದು ಹೇಳು, ಮೂರು ವರ್ಷ ಶಿಕ್ಷೆ ಅಂದ್ಕೊಂಡು ಕಳೆದುಬಿಡ್ತೀನಿ ಕಣೇ’ ಅಂದೆ. ಪಕ್ಕದಲ್ಲಿ ಹೆಡ್ ಕ್ಯಾಷಿಯರ್ ನೋಟು ಎಣಿಸ್ತಾ ಇದ್ರು. ಅದೇ ಊರಲ್ಲಿ ಹುಟ್ಟಿದವರು. ಎಣಿಕೆ ತಪ್ಪಲಿಲ್ಲ, ತಲೆ ಎತ್ತಲಿಲ್ಲ.

ಆಮೇಲೆ ನಾಲ್ಕು ವರ್ಷ ಅವರು ನನ್ನ ಜೊತೆ ಕೆಲಸ ಮಾಡಿದರು. ಒಂದು ದಿನ ತಡವಾಗಿ ಬಂದವರಲ್ಲ, ಒಂದು ಮಾತು ಎದುರಾಡಿದವರಲ್ಲ. ‘ಆಗ್ಲಿರಿ ಸಾಹೇಬ್ರ’, ‘ಹೌದ್ರಿ ಸಾಹೇಬ್ರ’. ಎಂಥ ವಿಧೇಯ ಮನುಷ್ಯ ಅಂತ ಮೇಲಿನವರ ಹತ್ತಿರ ಹೊಗಳಿದ್ದೆ. ಒಂದೇ ಒಂದು ವಿಷಯ ವಿಚಿತ್ರ ಅನ್ನಿಸ್ತಿತ್ತು. ನಿಮಗೆಲ್ಲ ಗೊತ್ತು, ಎಳ್ಳಮಾಸಿ, ಅಂದ್ರೆ ಎಳ್ಳು ಅಮಾವಾಸ್ಯೆ ದಿನ ಈ ಕಡೆ ಊರಿಗೆ ಊರೇ ಹೊಲದಲ್ಲಿರುತ್ತೆ. ಭೂತಾಯಿಗೆ ಎಡೆ ಅಂತ ಹೊಲಕ್ಕೆ ಚರಗ ಚೆಲ್ಲಿ, ಗಿಡದ ನೆರಳಿಗೆ ಕೂತು ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಅಂಬಲಿ. ಹೊಲ ಇಲ್ಲದವರನ್ನೂ ಯಾರಾದರೂ ಎಳೆದುಕೊಂಡು ಹೋಗ್ತಾರೆ. ನಾಲ್ಕು ಎಳ್ಳಮಾಸಿ ಹೋದವು. ನನ್ನನ್ನು ಯಾರೂ ಕರೆಯಲಿಲ್ಲ. ಮ್ಯಾನೇಜರ್ ಅಂತ ಸಂಕೋಚ ಇರಬೇಕು ಅಂದ್ಕೊಂಡೆ. ಎಂಥ ಅನುಕೂಲದ ವಿವರಣೆ ನೋಡಿ!

ವರ್ಗಾವಣೆ ಬಂತು. ಬೀಳ್ಕೊಡುಗೆಯ ದಿನ ಹಾರ ಹಾಕಿದ್ರು, ಫೋಟೋ ತೆಗೆದ್ರು. ಕ್ಯಾಷಿಯರ್ ನನ್ನ ಕೈ ಹಿಡಿದು, ನಗುತ್ತಾನೇ ಕೇಳಿದ್ರು: ‘ಸಾಹೇಬ್ರ ಶಿಕ್ಷಾ ಮುಗೀತೇನ್ರಿ?’

ಎಲ್ಲರೂ ನಕ್ಕರು. ನಾನೂ ನಕ್ಕೆ, ಅರ್ಥ ಆಗೋದಕ್ಕೆ ಮುಂಚೆ. ಅವರು ಹೇಳಿದ್ರು, ‘ನಾವು ಇಲ್ಲೇ ಹುಟ್ಟಿ ಇಲ್ಲೇ ಸಾಯೋ ಮಂದಿ ಅದೀವ್ರಿ. ನಿಮಗ ಮೂರು ವರ್ಷದ್ದು ಶಿಕ್ಷಾ ಆದ್ರ ನಮ್ದು ಹುಟ್ಟಾ ಶಿಕ್ಷಾ ಏನ್ರಿ?’ ಮತ್ತೆ ನಕ್ಕರು. ಇನ್ನೊಂದು ಪೇಡೆ ಕೈಗಿಟ್ಟರು.

ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಆ ಮಾತು ಆಡಿದ್ದಕ್ಕಿಂತ, ನಾಲ್ಕು ವರ್ಷ ಅದು ಆ ಶಾಖೆಯಲ್ಲಿ ದಿನಾ ನನ್ನ ಜೊತೆ ಕೂತಿತ್ತು, ನನಗೊಬ್ಬನಿಗೆ ಕಾಣಿಸ್ತಿರಲಿಲ್ಲ ಅನ್ನೋದು ಕೊರೆಯಿತು. ಅವರ ವಿಧೇಯತೆ ಅಂತ ನಾನು ಹೊಗಳಿದ್ದು ಅವರ ಸಿಟ್ಟಾಗಿತ್ತು.

ಇದನ್ನು ಸ್ವಲ್ಪ ಗಮನಿಸಿ. ಈ ಕಡೆ ಮನುಷ್ಯ ದನಿ ಏರಿಸಿ, ಕೌಂಟರ್ ಬಡಿದು ಜಗಳ ಆಡಿದ ಅಂದ್ರೆ ನೀವು ಅವನಿಗೆ ಇನ್ನೂ ಬೇಕಾದವರು ಅಂತ ಅರ್ಥ. ನಾಳೆ ಚಾ ಕುಡಿಸ್ತಾನೆ. ನಿನ್ನೆವರೆಗೆ ‘ಏನ್ರಿ ಸರ್ ಊಟಾ ಆತೇನು’ ಅಂತಿದ್ದವನು ಇವತ್ತು ‘ನಮಸ್ಕಾರ್ರೀ ಸಾಹೇಬ್ರ’ ಅಂತ ಮಾತ್ರ ಅಂದು ಸರಿದು ಹೋದರೆ, ಎಲ್ಲೋ ಏನೋ ಮುರಿದಿದೆ. ದೂರು ಬರೆಯೋ ಗಿರಾಕಿಗೆ ನಾವು ಹೆದರ್ತೀವಿ. ದೂರೇ ಬರೆಯದೆ ಪಕ್ಕದ ಬ್ಯಾಂಕಿಗೆ ಹೋದವನ ಹೆಸರು ನಮ್ಮ ಯಾವ ರಿಜಿಸ್ಟರಲ್ಲೂ ಇರಲ್ಲ.

ಆ ರಾತ್ರಿಯಿಂದ ಒಂದು ಹಳೇ ಡೈರಿಯಲ್ಲಿ ಇಂಥವನ್ನು ಬರೆದಿಡೋದಕ್ಕೆ ಶುರು ಮಾಡಿದೆ. ಜಮಾ ಪಟ್ಟಿ ಅಲ್ಲ, ಬಾಕಿ ಪಟ್ಟಿ. ಇವತ್ತು ಹೇಳ್ತಿರೋದೆಲ್ಲ ಅದರಿಂದಲೇ.

ಸಣ್ಣವು ಮೊದಲು. ನಮ್ಮ ಹಳೇ ಮೈಸೂರಿನ ಕಡೆ ‘ಏನ್ರೀ’ ಅಂದ್ರೆ ಕಾಲು ಕೆರೆದು ಬಂದ ಹಾಗೆ. ಮೇಲಿನವರಿಗೆ ‘ಏನ್ ಸಾರ್’ ಅನ್ನಬೇಕು. ಇಲ್ಲಿ ‘ರೀ’ ಇಲ್ಲದ ವಾಕ್ಯವೇ ಮರ್ಯಾದೆ ಇಲ್ಲದ್ದು. ನಾನು ‘ಬನ್ನಿ, ಕೂತ್ಕೊಳ್ಳಿ, ಹೇಳಿ’ ಅಂತ ಬಹಳ ನಯವಾಗಿ ಮಾತಾಡ್ತೀನಿ ಅಂದ್ಕೊಂಡಿದ್ದೆ. ಎದುರಿನವರಿಗೆ ಅದು ಸರ್ಕಾರಿ ನೋಟಿಸ್ ಓದಿದ ಹಾಗೆ ಕೇಳ್ತಿತ್ತಂತೆ. ಒಬ್ಬ ಅಜ್ಜಿ ಕೌಂಟರಿಗೆ ಬಂದು, ‘ಏ ತಮ್ಮಾ, ನನ್ನ ಪಗಾರ ಬಂದಾವೇನ್ ನೋಡೋ’ ಅಂದಳು. ವೃದ್ಧಾಪ್ಯ ವೇತನಕ್ಕೆ ಅವಳು ಪಗಾರ ಅಂತಿದ್ದಳು. ನಾನು ಮ್ಯಾನೇಜರ್, ‘ನೋಡೋ’ ಅಂತಾಳಲ್ಲ! ‘ಸ್ವಲ್ಪ ಸರಿಯಾಗಿ ಮಾತಾಡಿ’ ಅಂದುಬಿಟ್ಟೆ. ಅವಳಿಗೆ ನಾನು ಏನು ಹೇಳ್ತಿದೀನಿ ಅಂತಲೇ ತಿಳಿಯಲಿಲ್ಲ. ಮಗ ಅಂತ ಕರೆದಿದ್ದಳು, ನಾನು ಬೇಡ ಅಂದಿದ್ದೆ.

ಇನ್ನೊಂದು, ಅಡ್ಡಹೆಸರಿನದು. ದಕ್ಷಿಣದಿಂದ ಬಂದವರು ಯಾರಾದರೂ ಇಲ್ಲಿದ್ದರೆ ಇದು ನಿಮಗೆ. ಪಾಸ್‌ಬುಕ್ ತೆಗೆದು, ‘ಯಾರು ಇದು, ಉಳ್ಳಾಗಡ್ಡಿ?’ ಅಂತ ಕೂಗಿ ನಕ್ಕೆ. ಉಳ್ಳಾಗಡ್ಡಿ ಅಂದ್ರೆ ನಮ್ಮ ಕಡೆಯ ಈರುಳ್ಳಿ. ಎದ್ದು ಬಂದವರು ಸಾಲಿ ಮಾಸ್ತರು. ಪಾಸ್‌ಬುಕ್ ತಗೊಂಡು, ನನ್ನ ಹೆಸರಿನ ಫಲಕ ನೋಡಿ, ಶಾಂತವಾಗಿ ಕೇಳಿದ್ರು, ‘ಈ ಎಚ್ ಅಂದ್ರ ಏನ್ರಿ ಸರ್?’ ಹೊಳೆನರಸೀಪುರ ಅಂದೆ. ‘ನಿಮ್ದು ಊರು, ನಮ್ದು ಬೆಳಿ. ನಗೋದೇನದ್ರಿ ಇದ್ರಾಗ?’ ಅಂದ್ರು. ಮುಂದೆ ಆ ಮಾಸ್ತರು ನನಗೆ ಒಳ್ಳೇ ಸ್ನೇಹಿತರಾದರು. ಯಾಕೆ ಅಂದ್ರೆ ಅವರು ಹೇಳಿಬಿಟ್ಟಿದ್ದರು. ಹೇಳಿದವರ ಋಣ ದೊಡ್ಡದು.

ಈಗ ಸ್ವಲ್ಪ ಕಷ್ಟದ ಜಾಗಕ್ಕೆ ಬರ್ತೀನಿ. ಹೊಗಳಿ ನೋಯಿಸೋದು.

2008. ನನ್ನ ಕೈಕೆಳಗೆ ಒಬ್ಬ ಯುವ ಅಧಿಕಾರಿ ಬಂದ. ಆಳಂದದ ಕಡೆಯ ಮುಸ್ಲಿಂ ಹುಡುಗ. ಸಾಲದ ಪ್ರಸ್ತಾವ ಬರೆದರೆ ಓದ್ತಾನೇ ಇರಬೇಕು ಅನ್ನಿಸುವಂಥ ಕನ್ನಡ. ಒಂದು ದಿನ ಎಲ್ಲರ ಎದುರಿಗೆ ಬೆನ್ನು ತಟ್ಟಿ ಹೇಳಿದೆ: ‘ನೋಡ್ರಿ, ಇವರು ಮುಸ್ಲಿಮರಾದ್ರೂ ಎಷ್ಟು ಚೆನ್ನಾಗಿ ಕನ್ನಡ ಬರೀತಾರೆ!’ ಅವನು ಮುಗುಳ್ನಕ್ಕು ಹೇಳಿದ, ‘ಥ್ಯಾಂಕ್ಸ್ ಸರ್. ನಿಮ್ಮ ಕನ್ನಡಾನೂ ಛಲೋ ಅದ್ರಿ.’

ನಾನು ಅದನ್ನು ತಮಾಷೆ ಅಂತ ತಗೊಂಡೆ. ಸಂಜೆ ಮನೆಗೆ ಹೋಗ್ತಾ ದಾರಿಯಲ್ಲಿ ಅರ್ಥ ಆಯ್ತು. ಅವನು ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮಾಡಿದವನು. ಅವರ ಮನೆತನ ಈ ಮಣ್ಣಲ್ಲಿ ಎಷ್ಟು ತಲೆಮಾರಿಂದ ಇದೆಯೋ ಅವರಿಗೇ ಲೆಕ್ಕ ಇಲ್ಲ. ಒಂಬತ್ತು ವರ್ಷದ ಹಿಂದೆ ರೈಲಿಳಿದವನು ನಾನು. ನಾನು ಅವನಿಗೆ ಸರ್ಟಿಫಿಕೇಟ್ ಕೊಟ್ಟಿದ್ದೆ. ಆ ‘ಆದ್ರೂ’ ಅನ್ನೋ ಎರಡಕ್ಷರದಲ್ಲಿ ನಾನು ಅವನನ್ನು ಹೊರಗೆ ನಿಲ್ಲಿಸಿ, ಆಮೇಲೆ ಒಳಗೆ ಕರೆದಿದ್ದೆ.

ಇಲ್ಲಿ ಒಂಚೂರು ದಾರಿ ತಪ್ತೀನಿ, ಕ್ಷಮಿಸಿ. ನಿಮ್ಮ ಮೇಜಿನ ಮೇಲಿರೋ ಪದಗಳನ್ನು ಒಮ್ಮೆ ನೋಡಿಕೊಳ್ಳಿ. ಜಮಾ, ಖರ್ಚು, ಬಾಕಿ, ವಸೂಲಿ, ನಗದು, ರಸೀದಿ, ಅರ್ಜಿ, ಜಾಮೀನು. ಎಲ್ಲ ಅರಬ್ಬಿ, ಪಾರಸಿಯಿಂದ ಬಂದು ನಮ್ಮವೇ ಆಗಿಬಿಟ್ಟ ಮಾತುಗಳು. ಅವನ್ನು ತೆಗೆದು ಹಾಕಿ ಕನ್ನಡದಲ್ಲಿ ಬ್ಯಾಂಕ್ ನಡೆಸಿ ನೋಡೋಣ! ಹಾಸನದಲ್ಲೂ ಇವೇ ಪದ. ಇಲ್ಲಂತೂ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಆಳ್ವಿಕೆ, ಕಚೇರಿಯ ಭಾಷೆ ಉರ್ದು. ಸಾಲಕ್ಕೆ ಅಂತ ಬಂದ ಲಿಂಗಾಯತ ರೈತರು ಅಜ್ಜನ ಕಾಲದ ಉರ್ದು ಕಾಗದ ಬಿಚ್ಚಿಟ್ಟು, ‘ಇದನ್ನ ಓದೋರು ಯಾರದಾರ್ರಿ?’ ಅಂತ ಕೇಳೋರು. ನಮ್ಮ ಆಳಂದದ ಹುಡುಗ ಓದಿ, ಅಲ್ಲೇ ಕನ್ನಡಕ್ಕೆ ಇಳಿಸಿ ಕೊಡೋನು. ಕಲಬುರಗಿಯ ಒಂದು ಬೀದಿಯಲ್ಲಿ ನಿಂತರೆ ಕನ್ನಡ, ದಖ್ಖನಿ, ಮರಾಠಿ ಕಿವಿಗೆ ಬೀಳುತ್ತೆ. ಸೇಡಂ ದಾಟಿದರೆ ತೆಲುಗು. ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ. ಇಂಥ ಊರಲ್ಲಿ ಯಾರ ಕನ್ನಡ ಯಾರಿಗಿಂತ ಚೆನ್ನಾಗಿದೆ ಅಂತ ಅಂಕ ಕೊಡೋ ಕೆಲಸ ನನಗೆ ಯಾರು ಕೊಟ್ಟಿದ್ದು?

ಮಾರನೇ ದಿನ ಅವನನ್ನು ಒಳಗೆ ಕರೆದು, ‘ನಿನ್ನೆ ನಾನು ಆಡಿದ್ದು ತಪ್ಪು ಮಾತು’ ಅಂದೆ. ‘ಬಿಡ್ರಿ ಸರ್, ಸಾಲಿಯಿಂದ ಕೇಳಕೋತ ಬಂದೀನಿ’ ಅಂದ. ನನ್ನದು ಮೊದಲನೇ ಬಾರಿ. ಅವನಿಗೆ ನೂರನೇ ಬಾರಿ. ನಾವು ಒಂದು ಮಾತು ಆಡಿ ‘ಇಷ್ಟಕ್ಕೆಲ್ಲ ಯಾಕೆ ಬೇಜಾರು’ ಅಂತೀವಲ್ಲ, ಅವರ ಪಾಲಿಗೆ ಅದು ಹಳೇ ಸಾಲದ ಮೇಲೆ ಏರಿದ ಇನ್ನೊಂದು ಬಡ್ಡಿ. ಅಸಲು ನಮ್ಮ ಕಣ್ಣಿಗೆ ಕಾಣಲ್ಲ.

ಅಸಲು ಕಾಣದೆ ಇರೋದು ಅಂದ್ರೆ ಏನು ಅಂತ ನನಗೆ ಸರಿಯಾಗಿ ತಿಳಿದದ್ದು ಒಂದು ಚಾ ಕಪ್ಪಿನಿಂದ.

ಯಾದಗಿರಿ ಕಡೆಯ ಶಾಖೆ. ಯಾದಗಿರಿ ಆಗ ತಾನೇ ಜಿಲ್ಲೆ ಆಗಿತ್ತು. ಒಂದು ಮಧ್ಯಾಹ್ನ ಸಾಲ ವಸೂಲಿ ವಿಷಯಕ್ಕೆ ನನ್ನ ಕೋಣೆಯಲ್ಲಿ ಇಬ್ಬರು: ಊರಿನ ಗೌಡರು, ಗ್ರಾಮ ಪಂಚಾಯಿತಿಯ ಒಬ್ಬ ಸದಸ್ಯರು. ಸದಸ್ಯರು ದಲಿತರು, ನನ್ನದೇ ವಯಸ್ಸು. ಜವಾನ ಚಾ ತಂದ. ಗೌಡರಿಗೆ ಪಿಂಗಾಣಿ ಕಪ್ಪು, ಬಶಿ. ನನಗೆ ಪಿಂಗಾಣಿ ಕಪ್ಪು, ಬಶಿ. ಸದಸ್ಯರಿಗೆ ಪ್ಲಾಸ್ಟಿಕ್ ಕಪ್ಪು.

ನಾನು ನೋಡಲಿಲ್ಲ. ಕಾಗದ ತಿರುವಿ ಹಾಕ್ತಿದ್ದೆ. ‘ಚಾ ತಗೊಳ್ರಿ’ ಅಂದೆ. ‘ಈಗ ಆಗ್ಯಾದ್ರಿ’ ಅಂದ್ರು. ಮಾತು ಮುಂದುವರಿಯಿತು. ಅವರ ಚಾ ಮೇಲೆ ನಿಧಾನಕ್ಕೆ ಕೆನೆ ಕಟ್ಟಿತು, ಸುಕ್ಕಾಯ್ತು. ಮಾತು ಮುಗಿಸಿ, ಕೈ ಮುಗಿದು ಹೋದರು. ಅವರು ಹೋದ ಮೇಲೆ ಮೇಜಿನ ಮೇಲೆ ಎರಡು ಖಾಲಿ ಪಿಂಗಾಣಿ ಕಪ್ಪು, ಒಂದು ತುಂಬಿದ ಪ್ಲಾಸ್ಟಿಕ್ ಕಪ್ಪು. ಆಗ ನೋಡಿದೆ.

ಜವಾನನನ್ನು ಕರೆದು ಕೂಗಾಡಿದೆ. ಅವನು ಕಣ್ಣೀರು ಹಾಕಿಬಿಟ್ಟ. ‘ಸಾಹೇಬ್ರ, ಮೂರು ಕಪ್ಪದಾವ. ಒಂದು ಮುಂಜಾನಿ ಒಡೀತು. ಅವರು ಕಡೀಕ ಕೂತಿದ್ರು, ಅದಕ್ಕ…’ ನಿಜವೇ. ಒಡೆದ ಕಪ್ಪಿನ ಚೂರು ಹಿಂದಿನ ಬುಟ್ಟಿಯಲ್ಲಿ ಬಿದ್ದಿತ್ತು. ಯಾರ ಮನಸ್ಸಲ್ಲೂ ಏನೂ ಇರಲಿಲ್ಲ. ಆದರೆ ಆ ಮನುಷ್ಯ ಹುಡುಗನಾಗಿದ್ದಾಗ ಹೋಟೆಲಿನ ಹೊರಗೆ ನಿಂತು, ಗೋಡೆ ಸಂದಿಯಲ್ಲಿ ಬೇರೆ ಇಟ್ಟಿದ್ದ ಗ್ಲಾಸು ತಾನೇ ತೊಳೆದು ಚಾ ಕುಡಿದವನು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿತು, ಅದಕ್ಕೆ ಶಿಕ್ಷೆಯ ಕಾನೂನು 1955ರಲ್ಲಿ ಬಂತು. ಅವರು ಹುಟ್ಟಿದ್ದು ಅದಾದ ಮೇಲೆಯೇ. ಗ್ಲಾಸು ಮಾತ್ರ ಗೋಡೆ ಸಂದಿಯಲ್ಲೇ ಇತ್ತು. ಅಂಥವರ ಮುಂದೆ, ಗೌಡರ ಪಕ್ಕದಲ್ಲಿ, ಬೇರೆ ಕಪ್ಪು ಬಂದು ಕೂತರೆ ಅವರು ಏನಂದುಕೊಳ್ಳಬೇಕು? ಬಹುಶಃ ಒಂದು ಕಪ್ಪು ಒಡೆದಿರಬೇಕು ಅಂತಲೇ?

ಇನ್ನು ನಾನು ಮಾಡಿದ ನಿಜವಾದ ದಡ್ಡತನ ಕೇಳಿ. ಮನಸ್ಸು ಕೊರೀತಿತ್ತು. ಮುಂದಿನ ತಿಂಗಳು ಗ್ರಾಮಸಭೆ, ಬ್ಯಾಂಕಿನವರು ಮಾತಾಡಬೇಕಿತ್ತು. ಮೈಕ್ ಸಿಕ್ಕಿತು. ‘ಅವತ್ತು ನಮ್ಮ ಶಾಖೆಯಲ್ಲಿ ಸದಸ್ಯರಿಗೆ ಚಾ ಕೊಡೋ ವಿಷಯದಲ್ಲಿ ಅಚಾತುರ್ಯ ಆಯಿತು, ಅವರ ಮನಸ್ಸಿಗೆ ನೋವಾಗಿದ್ದರೆ ಕ್ಷಮೆ ಇರಲಿ’ ಅಂದೆ. ಬಹಳ ದೊಡ್ಡ ಮನಸ್ಸು ತೋರಿಸಿದೆ ಅಂತ ಎದೆ ಉಬ್ಬಿತ್ತು. ಸಭೆಯೆಲ್ಲ ತಿರುಗಿ ನೋಡಿತು, ನನ್ನನ್ನಲ್ಲ, ಅವರನ್ನು. ಅವರು ಎದ್ದು ನಿಲ್ಲಬೇಕಾಯ್ತು, ಕೈ ಮುಗಿಯಬೇಕಾಯ್ತು, ‘ಏನಿಲ್ರಿ ಸಾಹೇಬ್ರ’ ಅನ್ನಬೇಕಾಯ್ತು.

ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಹೇಳಿದ್ರು: ‘ಸಾಹೇಬ್ರ, ಆ ಕಪ್ಪಿಂದು ನನಗ ಒಬ್ಬನಿಗೇ ಗೊತ್ತಿತ್ತು. ಈಗ ಊರಿಗೇ ಗೊತ್ತಾತು. ಕಪ್ಪಿಂದು ಮರತಿದ್ದೆ. ಮೈಕಿಂದು ಮರೀಲಿಕ್ಕ ಆಗಂಗಿಲ್ರಿ.’

ಅಷ್ಟು ಹೇಳಿದ್ದು ಅವರ ದೊಡ್ಡತನ. ಅವತ್ತಿಂದ ಎರಡು ವಿಷಯ ನನಗೆ ಗಟ್ಟಿಯಾದವು. ‘ನೋವಾಗಿದ್ದರೆ’ ಅನ್ನೋ ಮಾತಿನಲ್ಲಿ ಕ್ಷಮೆ ಇಲ್ಲ. ಆಗಿದೆಯೋ ಇಲ್ಲವೋ ನೀನೇ ಸಾಬೀತು ಮಾಡು ಅಂತ ಅರ್ಜಿ ಫಾರಂ ಕೊಟ್ಟ ಹಾಗೆ ಅದು. ಮತ್ತೆ, ಎಲ್ಲರ ಮುಂದೆ ಕೇಳೋ ಕ್ಷಮೆ ಹೆಚ್ಚಿನ ಸಲ ಕೇಳುವವನ ಮರ್ಯಾದೆ ಕಾಯೋಕೆ. ನೊಂದವನಿಗೆ ಅಲ್ಲಿ ‘ಇಲ್ಲ’ ಅನ್ನೋ ಸ್ವಾತಂತ್ರ್ಯವೇ ಇರಲ್ಲ. ತಪ್ಪು ಎಲ್ಲರ ಮುಂದೆ ಆಗಿದ್ದರೆ ಬೇರೆ ಮಾತು. ಆಗಲೂ ಮೊದಲು ಒಬ್ಬರೇ ಹೋಗಿ ಮಾತಾಡಿ, ಎಲ್ಲರ ಮುಂದೆ ಹೇಳಲಾ ಬೇಡವಾ ಅಂತ ಅವರನ್ನೇ ಕೇಳಿ.

ಆಮೇಲೆ ಶಾಖೆಗೆ ಒಂದು ಡಜನ್ ಸ್ಟೀಲ್ ಲೋಟ ತರಿಸಿದೆ, ಎಲ್ಲ ಒಂದೇ ಅಳತೆ. ಖರ್ಚು ಸ್ಟೇಷನರಿ ಲೆಕ್ಕಕ್ಕೆ ಹಾಕಿದ್ದಕ್ಕೆ ಆಡಿಟ್‌ನವರು ಆಕ್ಷೇಪಣೆ ಬರೆದರು. ಜೇಬಿಂದ ಕಟ್ಟಿದೆ. ಆಡಿಟ್‌ನವರಿಗೂ ಅದೇ ಲೋಟದಲ್ಲಿ ಚಾ ಕೊಟ್ಟೆ ಅನ್ನೋದು ಬೇರೆ ವಿಷಯ.

ಒಂದು ಘಟನೆಯ ಬಗ್ಗೆ ಹೆಚ್ಚು ಮಾತಾಡಲ್ಲ, ಆದರೆ ಬಿಡೋಕೂ ಆಗಲ್ಲ. 2014ರ ಆಗಸ್ಟ್ 28ರಂದು ಜನಧನ ಶುರುವಾಯಿತು, ದೇಶದಲ್ಲಿ ಒಂದೇ ದಿನ ಒಂದೂವರೆ ಕೋಟಿ ಖಾತೆ. ನಾವೂ ಒಂದು ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕೂತಿದ್ವಿ. ಜನ ಮೈಮೇಲೆ ಬೀಳ್ತಿದ್ರು. ಒಬ್ಬ ಹುಡುಗಿ, ಹತ್ತೊಂಬತ್ತು ಇಪ್ಪತ್ತು ವರ್ಷ. ‘ತಂದೆ ಹೆಸರು?’ ಅಂದೆ. ‘ಅವ್ವನ ಹೆಸರು ಬರೀರಿ’ ಅಂದಳು. ‘ಅದು ಆಮೇಲೆ ಬರುತ್ತಮ್ಮ, ಮೊದಲು ತಂದೆ ಹೆಸರು.’ ಸುಮ್ಮನಿದ್ದಳು. ನಾನು ಗದ್ದಲದಲ್ಲಿ ಕೇಳಿಸಿಲ್ಲ ಅಂದ್ಕೊಂಡು ಇನ್ನೂ ಜೋರಾಗಿ ಕೇಳಿದೆ. ಸಾಲಿನಲ್ಲಿ ಹಿಂದಿದ್ದ ಯಾರೋ ಕಿಸಕ್ಕಂತ ನಕ್ಕರು. ಅವಳು ಆಧಾರ್ ಕಾರ್ಡ್ ಎತ್ತಿಕೊಂಡು ಹೋದಳು. ದೇವದಾಸಿ ಬಿಡುವ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಲ್ಲೇ ನಿಷೇಧಿಸಿದೆ, ಅದು ನನಗೆ ಪರೀಕ್ಷೆಗೆ ಓದಿ ಗೊತ್ತಿತ್ತು. ಎದುರಿಗೆ ನಿಂತಿದ್ದು ಗೊತ್ತಾಗಲಿಲ್ಲ. ಫಾರಂನಲ್ಲಿ ಖಾನೆ ಇದೆ, ನಾನು ತುಂಬ್ತಿದೀನಿ ಅಷ್ಟೆ. ಡೈರಿಯಲ್ಲಿ ಆ ದಿನದ ಪುಟದಲ್ಲಿ ಒಂದೇ ಸಾಲಿದೆ: ‘ಎರಡನೇ ಸಲ ಜೋರಾಗಿ ಯಾಕೆ ಕೇಳಿದೆ?’

ಆಮೇಲೆ ನಾನು ಮಾಡಿದ್ದು ಇಷ್ಟೇ: ಇಂಥ ಪ್ರಶ್ನೆಗೆ ಒಂದು ಸಲ ಉತ್ತರ ಬರದಿದ್ದರೆ ಫಾರಂ ಅವರ ಕಡೆ ತಿರುಗಿಸಿ ಇಡೋದು. ಬರೆಯೋಕೆ ಬಾರದವರಾದರೆ ಮೇಜಿನ ಈಚೆ ಬಂದು ಪಕ್ಕದಲ್ಲಿ ಕೂತು ಕೇಳೋದು. ಗಂಡನ ಹೆಸರು ಬಾಯಲ್ಲಿ ಹೇಳದ ಹೆಂಗಸರಿಗೂ ಇದೇ ಉಪಾಯ ಆಯ್ತು. ಮದುವೆಯಲ್ಲಿ ಒಡಪು ಹಾಕಿ ಹೇಳುವ ಹೆಸರನ್ನು ಬ್ಯಾಂಕಿನ ಕೌಂಟರಿನಲ್ಲಿ ಕೂಗಿ ಹೇಳು ಅಂದ್ರೆ ಅವರಾದರೂ ಹೇಗೆ ಹೇಳ್ತಾರೆ?

ಈಗ ಕಲ್ಲಿನ ಕಾಕಾನ ಕಥೆ.

2017. ಮತ್ತೆ ಚಿತ್ತಾಪುರದ ಕಡೆಗೇ ಬಂದಿದ್ದೆ, ಈ ಸಲ ಕೇಳಿ ಹಾಕಿಸಿಕೊಂಡು. ಖಾತೆಗೆ ಆಧಾರ್ ಜೋಡಿಸೋ ಗಲಾಟೆ. ಕೌಂಟರಿನಲ್ಲಿ ಬೆರಳು ಒತ್ತುವ ಪುಟ್ಟ ಮಿಷನ್. ಬೆರಳು ಹೊಂದಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಒಬ್ಬ ಮುದುಕರು ಬಂದರು. ಶಹಾಬಾದ್ ಸುತ್ತಿನ ಫರ್ಸಿ ಖಣಿಯಲ್ಲಿ ದುಡಿದವರು. ಈ ಸಭಾಂಗಣದ ನೆಲ ನೋಡಿ, ಅದೇ ಕಲ್ಲು. ಪದರ ಪದರವಾಗಿ ಏಳುವ ಸುಣ್ಣಗಲ್ಲು. ಎಬ್ಬಿಸಿ, ಅಂಚು ಕಡಿದು, ಹೊತ್ತು ಲಾರಿಗೆ ಹಾಕಬೇಕು.

ಬೆರಳು ಇಟ್ಟರು. ಕೆಂಪು. ಇನ್ನೊಂದು ಬೆರಳು. ಕೆಂಪು. ಹಿಂದೆ ನಲವತ್ತು ಜನರ ಸಾಲು, ಹೊರಗೆ ಬಿಸಿಲು. ಕೌಂಟರಿನ ಹುಡುಗ ನನ್ನ ಕಡೆ ನೋಡಿದ. ನಾನು ಬಂದು, ‘ಕೈ ತೊಳ್ಕೊಂಡು ಬಾ ಯಜಮಾನ’ ಅಂದೆ. ಅವರು ಹೊರಗೆ ನಲ್ಲಿಗೆ ಹೋಗಿ, ತೊಳೆದು, ಧೋತರದ ಚುಂಗಿನಲ್ಲಿ ಒರೆಸಿಕೊಂಡು ಬಂದರು. ಕೆಂಪು. ‘ಸೋಪು ಹಚ್ಚಿ ಸರಿಯಾಗಿ ತೊಳ್ಕೊ’ ಅಂದೆ.

ಅವರು ಹೋಗಲಿಲ್ಲ. ಎರಡೂ ಅಂಗೈ ನನ್ನ ಮುಖದ ಮುಂದೆ ಹಿಡಿದರು. ‘ನೋಡ್ರಿ ಸಾಹೇಬ್ರ. ಹೊಲಸ ಎಲ್ಲದ?’

ನೋಡಿದೆ. ಬೆರಳ ತುದಿಗಳು ನುಣುಪಾಗಿದ್ದವು. ಗೆರೆಯೇ ಇಲ್ಲ. ನಮ್ಮ ನಿಮ್ಮ ಬೆರಳಿನ ಮೇಲೆ ಸುಳಿ ಸುಳಿಯಾಗಿ ಇರುತ್ತಲ್ಲ, ಅದು ಸವೆದು, ಪಾಲಿಶ್ ಹಾಕಿದ ಫರ್ಸಿಯ ಹಾಗೆ ಹೊಳೀತಿತ್ತು. ಹೆಬ್ಬೆರಳಲ್ಲಿ ಎರಡು ಸೀಳು, ಅದರೊಳಗೆ ಬಿಳಿ ಸುಣ್ಣದ ಗೆರೆ; ಅದು ಎಷ್ಟು ತೊಳೆದರೂ ಹೋಗುವಂಥದ್ದಲ್ಲ. ನಾನು ಏನಾದರೂ ಅನ್ನೋದರೊಳಗೆ ಅವರು ಪಾಸ್‌ಬುಕ್ ಮಡಚಿ ಅಂಗಿ ಜೇಬಿಗೆ ಹಾಕಿಕೊಂಡು ಹೊರಟರು.

ಅವತ್ತು ಸಂಜೆ ಸುತ್ತೋಲೆ ತೆಗೆದು ಓದಿದೆ. ಬೆರಳು ಬರದಿದ್ದರೆ ಆಧಾರಿಗೆ ಕಣ್ಣಿನ ಪಾಪೆಯ ಗುರುತೂ ನಡೆಯುತ್ತೆ. ಬೆರಳು ಸವೆಯೋದು ಕಲ್ಲು, ಸಿಮೆಂಟಿನ ಕೆಲಸದವರಲ್ಲಿ ಹೊಸದೇನೂ ಅಲ್ಲ, ವಯಸ್ಸಾದವರಲ್ಲೂ ಇದ್ದದ್ದೇ. ಎಲ್ಲ ಬರೆದಿತ್ತು. ಓದದೆ ಇದ್ದವನು ನಾನು. ಇನ್ನೊಂದು ತಮಾಷೆ ಅಂದ್ರೆ, ಇಷ್ಟು ವರ್ಷ ಓದು ಬಾರದವರನ್ನು ನಾವು ‘ಹೆಬ್ಬೆಟ್ಟು’ ಅಂತ ಹಗುರ ಮಾಡಿದ್ವಿ. ಈಗ ಆ ಹೆಬ್ಬೆಟ್ಟೂ ನಡೆಯಲ್ಲ ಅಂದುಬಿಟ್ಟೆವು.

ಭಾನುವಾರ ಅವರ ಊರಿಗೆ ಹೋದೆ. ಮೈಕಿನ ಪಾಠ ನೆನಪಿತ್ತು, ಒಬ್ಬನೇ ಹೋದೆ. ಅಂಗಳದಲ್ಲಿ ಕೂತು ಒಂದು ಫರ್ಸಿಯ ಅಂಚು ಕಡೀತಿದ್ರು. ‘ಕಾಕಾ, ಅವತ್ತು ಕೈ ತೊಳ್ಕೊಂಡು ಬಾ ಅಂದೆ. ನಿಮ್ಮ ಕೈ ಸ್ವಚ್ಛ ಇತ್ತು. ನಾನು ನೋಡದೆ ಮಾತಾಡಿದೆ’ ಅಂದೆ. ಅಷ್ಟೇ. ಗದ್ದಲ ಇತ್ತು, ಸಾಲು ಇತ್ತು, ಮಿಷನ್ ಕೆಟ್ಟಿತ್ತು ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿದೆ.

ಅವರು ಒಳಗೆ ಕೂಗಿ ಚಾ ಹೇಳಿದ್ರು. ಆಮೇಲೆ ಆ ಫರ್ಸಿ ತೋರಿಸಿ, ‘ಎತ್ತರಿ’ ಅಂದ್ರು. ಎರಡಡಿ ಉದ್ದ ಇರಬೇಕು. ಎತ್ತಿದೆ, ಅಂಚು ಗರಗಸದ ಹಾಗೆ ಕೊರೀತು, ಇಳಿಸುವಾಗ ಎರಡು ಬೆರಳು ತರಚಿತು. ನನ್ನ ಬೆರಳು ನೋಡಿ ಅವರು ನಕ್ಕರು. ‘ಹಿಂಗ ಒಂದು ವರ್ಷ ಹಿಡೀರಿ. ಆಮ್ಯಾಲ ನಿಮ್ಮ ಮಿಷನ್ನಿಗಿ ಬಟ್ಟ ಕೊಟ್ಟು ನೋಡ್ರಿ.’

ನನ್ನನ್ನು ಮಾಫಿ ಮಾಡಿದ್ರಾ? ಕೇಳಲಿಲ್ಲ. ಮಾಫಿ ಆಯ್ತಾ ಅಂತ ಕೇಳೋದೂ ಒಂದು ನಮೂನೆ ವಸೂಲಿ. ಅವರು ನನ್ನ ಅವಧಿಯಲ್ಲಿ ಮತ್ತೆ ಶಾಖೆಗೆ ಬರಲಿಲ್ಲ, ಮಗನನ್ನು ಕಳಿಸೋರು. ಕಣ್ಣಿನ ಸ್ಕ್ಯಾನರ್ ಬೇಕು ಅಂತ ಮೇಲಿನ ಕಚೇರಿಗೆ ಬರೆದು ಬರೆದು ಎಂಟು ತಿಂಗಳಿಗೆ ಬಂತು. ಮಗನ ಕೈಲಿ ಹೇಳಿ 70 ದಾಟಿದವರ ಮನೆಗೇ ಹೋಗಿ ಕೆಲಸ ಮಾಡಿಕೊಡೋ ವ್ಯವಸ್ಥೆಯಲ್ಲಿ ಅವರ ಜೋಡಣೆ ಮುಗಿಸಿದ್ವಿ. ಆ ವರ್ಷ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹಾಗೊಂದು ಆದೇಶವನ್ನೇ ಹೊರಡಿಸಿತ್ತು. ಕೌಂಟರಿನ ಹುಡುಗರಿಗೆ ಒಂದು ಮಾತು ಬದಲಿಸೋಕೆ ಹೇಳಿದೆ. ‘ನಿಮ್ಮ ಬೆರಳು ಬರ್ತಿಲ್ಲ’ ಅನ್ನಬೇಡಿ, ‘ಮಿಷನ್ ಹಿಡೀತಿಲ್ರಿ’ ಅನ್ನಿ. ನಿಜವೂ ಅದೇ ತಾನೆ?

ನೀವು ಕೇಳಬಹುದು, ಇಷ್ಟೆಲ್ಲ ಯೋಚಿಸ್ತಾ ಕೂತರೆ ಬಾಯಿ ಬಿಡೋದು ಯಾವಾಗ, ಕೆಲಸ ಆಗೋದು ಯಾವಾಗ ಅಂತ. ನನಗೂ ಒಂದು ಕಾಲಕ್ಕೆ ಹಾಗೆ ಆಗಿತ್ತು. ಚಾ ಪ್ರಸಂಗದ ಮೇಲೆ ಆರು ತಿಂಗಳು ನಾನು ಯಾರ ಹತ್ತಿರವೂ ನಿಯಮ ಬಿಟ್ಟು ಬೇರೆ ಮಾತೇ ಆಡಲಿಲ್ಲ. ‘ಫಾರಂ ತುಂಬಿ, ಎರಡು ಫೋಟೋ, ಸಹಿ.’ ಸೇಫ್ ಅಂದ್ಕೊಂಡೆ. ಜನ ‘ಸಾಹೇಬ್ರಿಗೆ ಸೊಕ್ಕು ಬಂದದ’ ಅಂದ್ರು. ಬಾಯಿ ಮುಚ್ಚಿಕೊಂಡರೂ ನೋಯಿಸಬಹುದು ಅಂತ ಆಗ ಗೊತ್ತಾಯ್ತು.

ಇನ್ನೊಂದು ಕಡೆಯೂ ಇದೆ. ಎಲ್ಲ ಮುನಿಸೂ ನಮ್ಮ ಬಾಕಿ ಅಲ್ಲ. ಒಬ್ಬ ಸಾಹುಕಾರರು ಒಂದೇ ಹೊಲದ ಮೇಲೆ ಎರಡನೇ ಸಾಲ ಕೇಳಿದ್ರು. ಆಗಲ್ಲ ಅಂದೆ. ‘ನಮ್ಮಪ್ಪನ ಕಾಲದಾಗ ಬ್ಯಾಂಕಿನವರು ನಮ್ಮ ಮನಿಗೇ ಬರ್ತಿದ್ರು’ ಅಂತ ಎದ್ದು ಹೋದವರು ಮತ್ತೆ ಮುಖ ನೋಡಲಿಲ್ಲ. ಅದನ್ನು ಡೈರಿಗೆ ಬರೆದುಕೊಂಡಿಲ್ಲ. ಆಗಲ್ಲ ಅಂದದ್ದು ಸರಿ. ಕೂಡಿಸಿ, ನೀರು ಕೊಟ್ಟು, ಕಾರಣ ಹೇಳಿ ಅಂದಿದ್ದೆನಾ? ಅಂದಿದ್ದೆ. ಮುಂದಿನದು ಅವರ ಲೆಕ್ಕ. ತನಗೆ ಸಲ್ಲದ ಸವಲತ್ತು ಸಿಗದೆ ನೊಂದವರನ್ನೂ, ಸಲ್ಲಬೇಕಾದ ಮರ್ಯಾದೆ ಸಿಗದೆ ನೊಂದವರನ್ನೂ ಒಂದೇ ಕಂತೆಗೆ ಕಟ್ಟಬೇಡಿ. ಮೊದಲನೆಯವರು ಸಾಮಾನ್ಯವಾಗಿ ಊರಿಗೆಲ್ಲ ಕೇಳೋ ಹಾಗೆ ಹೇಳ್ತಾರೆ. ಎರಡನೆಯವರು ಚಾ ಬಿಟ್ಟು ಎದ್ದು ಹೋಗ್ತಾರೆ.

ಕೊನೆಯದಾಗಿ ಒಂದು ಹೊಸ ಸುದ್ದಿ ಹೇಳಿ ನಿಲ್ಲಿಸ್ತೀನಿ. ನಾನೀಗ ಪಿಂಚಣಿದಾರ. ನವೆಂಬರ್ ಬಂತು ಅಂದ್ರೆ ನಾನು ಬದುಕಿದ್ದೀನಿ ಅಂತ ಪ್ರತಿ ವರ್ಷ ತೋರಿಸಬೇಕು, ಜೀವನ ಪ್ರಮಾಣ. ಕಳೆದ ನವೆಂಬರಿನಲ್ಲಿ ಇಲ್ಲೇ ಒಂದು ಶಾಖೆಗೆ ಹೋದೆ. ಇಸ್ತ್ರಿ ಅಂಗಿ, ಕೈಗೆ ವಾಚು. ಬೆರಳು ಇಟ್ಟೆ. ಕೆಂಪು. ಇನ್ನೊಂದು ಬೆರಳು. ಕೆಂಪು. ಕಲ್ಲು ಹೊತ್ತ ಕೈ ಅಲ್ಲ ಇದು, ವಯಸ್ಸು ಅಷ್ಟೆ. ಕೌಂಟರಿನಲ್ಲಿದ್ದ ಹುಡುಗಿ ನಿಮ್ಮ ವಯಸ್ಸಿನವಳು, ನಿಮ್ಮಲ್ಲೇ ಇದ್ದರೂ ಇರಬಹುದು. ಸ್ಕ್ರೀನಿಂದ ಕಣ್ಣು ಎತ್ತದೆ, ಬಹಳ ಮೃದುವಾಗಿಯೇ ಹೇಳಿದಳು, ‘ಅಂಕಲ್, ಕೈ ಒರೆಸ್ಕೊಳ್ರಿ.’

ಒರೆಸಿಕೊಂಡೆ. ಮತ್ತೆ ಕೆಂಪು. ‘ಇನ್ನೊಮ್ಮೆ ಸ್ವಚ್ಛ ಒರೆಸ್ರಿ ಅಂಕಲ್.’

ಹಿಂದೆ ಸಾಲು ಇತ್ತು. ಮುಖ ತೋರಿಸಿದರೂ ಆಗುತ್ತೆ ಅಂತ ನನಗೆ ಗೊತ್ತಿತ್ತು, ಆ ಸೌಲಭ್ಯ ಬಂದು ಮೂರು ನಾಲ್ಕು ವರ್ಷ ಆಗಿದೆ. ಈ ಕಥೆಯನ್ನೆಲ್ಲ ಹತ್ತು ಕಡೆ ಭಾಷಣ ಮಾಡಿದವನು ನಾನು. ಏನೂ ಹೇಳಲಿಲ್ಲ. ಕರವಸ್ತ್ರ ತೆಗೆದು, ಬೆರಳು ಒಂದೊಂದಾಗಿ ಒರೆಸಿಕೊಂಡೆ. ಆಮೇಲೆ ‘ನಾಳೆ ಬರ್ತೀನ್ರಿ’ ಅಂತ ಹೇಳಿ, ಪಾಸ್‌ಬುಕ್ ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ.